ನಂಜೇಶನ ಸಂಜೆಯ ಸಾಧನೆ

ನಂಜನಗೂಡಿನ ಗೊಬ್ಬರದಂಗಡಿ ನಂಜೇಶನಿಗೆ ಅವರೆಕಾಯಿ ಕಾಲ ಬಂತೆಂದರೆ ಜ್ವರ ಬಂದಂತೆ. ಸಂಜೆಯಾದರೆ ಹೆಂಡತಿ ಪಲ್ಲವಿ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟು, “ರೀ, ಹಿಸುಕಿ” ಎನ್ನುತ್ತಿದ್ದಳು. ಒಂದೊಂದೇ ಕಾಳಿನ ಸಿಪ್ಪೆ ಬಿಡಿಸುವಷ್ಟರಲ್ಲಿ ಟಿವಿಯ ಸುದ್ದಿಯೆಲ್ಲ ಹಳತಾಗುತ್ತಿತ್ತು.

ಈ ವರ್ಷ ಅವನನ್ನು ಕಾಪಾಡಿದ್ದು ಡಿಜಿಟಲ್ ಪಿಯಾನೋ. ಮಗಳು ಶಿವಾನಿ ಹಾಸ್ಟೆಲ್ ಸೇರಿದ ಮೇಲೆ ಅದು ಧೂಳು ತಿನ್ನುತ್ತಿತ್ತು. “ನಾನೇ ಕಲೀತೀನಿ ಕಣೇ” ಎಂದು ನಂಜೇಶ ರೂಮು ಹೊಕ್ಕು ಚಿಲಕ ಹಾಕಿಕೊಂಡ. ಯಂತ್ರದೊಳಗೇ ತುಂಬಿಸಿಟ್ಟ ಹಾಡುಗಳಿದ್ದವು. ಗುಂಡಿ ಒತ್ತಿದರೆ ಒಂದಾದ ಮೇಲೊಂದು ತಾವೇ ನುಡಿಯುತ್ತಿದ್ದವು. ಅವನು ದಿಂಬಿಗೊರಗಿ ನಿದ್ದೆ ಹೊಡೆಯುತ್ತಿದ್ದ. ಹೊರಗೆ ಪಲ್ಲವಿ ಒಬ್ಬಳೇ ಕಾಳು ಹಿಸುಕುತ್ತಿದ್ದಳು. ಗಂಡನ ಸಾಧನೆಗೆ ಭಂಗ ಬರಬಾರದೆಂದು ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆಯೇ ಪಕ್ಕದ ಮನೆಯ ಶಿವಣ್ಣ ಬಂದ.

“ನಂಜೇಶಪ್ಪಾ, ಇವತ್ತು ಮೂಗೂರ್ನಲ್ಲಿ ನಮ್ಮ ಮಗಳ ನಿಶ್ಚಿತಾರ್ಥ ಅಲ್ವಾ, ನೀನು ಪಿಯಾನೋ ನುಡಿಸ್ಲೇಬೇಕು.”

“ಅಯ್ಯೋ, ಇನ್ನೂ ಕಲೀತಾ ಇವ್ನಿ ಶಿವಣ್ಣ...”

“ಸುಮ್ಕಿರಪ್ಪ! ದಿನಾ ಗೋಡೆಗೆ ಕಿವಿ ಕೊಟ್ಟು ಕೇಳಿವ್ನಿ. ಒಂದು ಕಡೇನೂ ತಪ್ಪಾಕಿಲ್ಲ. ಗೂಡ್ಸ್ ಆಟೋನೂ ಕರ್ಕಂಡು ಬಂದಿವ್ನಿ.”

ಒಲ್ಲೆನೆಂದರೆ ಗುಟ್ಟು ಬಯಲು. ಗುಟ್ಟು ಬಯಲಾದರೆ ಅವರೆಕಾಳು. ನಂಜೇಶ ಆಟೋ ಹತ್ತಿದ.

ಮೂಗೂರಿನಲ್ಲಿ ಪಿಯಾನೋ ಮುಂದೆ ಮೈಕು ಇಟ್ಟರು. ನಂಜೇಶ ಬೆವರುತ್ತ ಗುಂಡಿ ಒತ್ತಿದ. ಅವನ ಬೆರಳುಗಳು ಮಧ್ಯಾಹ್ನದ ಟಾರು ರಸ್ತೆಗೆ ಬರಿಗಾಲಲ್ಲಿ ಇಳಿದವರಂತೆ ಕುಣಿದವು, ಕೀಗಳಿಗೆ ತಾಗಿಯೂ ತಾಗದಂತೆ.

“ಏನ್ ಕೈ ಅಂತೀನಿ!” ಎಂದರು ಗಂಡಿನ ಅಜ್ಜಿ ಚನ್ನಾಜಮ್ಮ. ಹೆಂಗಸರ ಸಾಲಿನಲ್ಲಿ ಪಲ್ಲವಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ನಂಜೇಶನಿಗೂ ಧೈರ್ಯ ಬಂತು. ಕಣ್ಣು ಮುಚ್ಚಿ ತಲೆದೂಗತೊಡಗಿದ.

“ಬುದ್ಧಿಯೋರು ಬಂದ್ರು!” ಎಂದು ಬಾಗಿಲಲ್ಲಿ ಯಾರೋ ಕೂಗಿದರು. ಮಠದ ಸ್ವಾಮಿಗಳು ಒಳಬರುತ್ತಿದ್ದಂತೆ ಸಭೆಯೆಲ್ಲ ಎದ್ದು ನಿಂತಿತು. ನಂಜೇಶನೂ ಎದ್ದ. ಹುಟ್ಟಿನಿಂದ ಬಂದ ಅಭ್ಯಾಸ, ಎರಡೂ ಕೈ ಎದೆಯ ಹತ್ತಿರ ತಾವಾಗಿಯೇ ಸೇರಿದವು.

ಪಿಯಾನೋ ಮಾತ್ರ ನುಡಿಯುತ್ತಲೇ ಇತ್ತು.

ಚನ್ನಾಜಮ್ಮ ಕೆನ್ನೆ ಬಡಿದುಕೊಂಡರು. “ಶಿವನೇ! ಬುದ್ಧಿಯೋರ ಪಾದ ಸೋಕ್ತಿದ್ದಂಗೆ ತಾನೇ ನುಡೀತಾ ಅದಲ್ಲಪ್ಪಾ!”

ಜನ ಪಿಯಾನೋಗೂ ಕೈಮುಗಿದರು. ಸದ್ಯ ಬದುಕಿಕೊಂಡೆ ಎಂದುಕೊಂಡ ನಂಜೇಶ ತಾನೂ ಕೆನ್ನೆ ಬಡಿದುಕೊಂಡ.

ಸ್ವಾಮಿಗಳು ಬಗ್ಗಿ ನೋಡಿ, ಒಂದೇ ಬೆರಳಿನಲ್ಲಿ ಗುಂಡಿ ಒತ್ತಿದರು. ಹಾಡು ನಿಂತಿತು. “ಪವಾಡ ಏನಿಲ್ಲ ತಾಯಿ. ನಮ್ಮ ಶಾಲೇಲೂ ಇಂಥದ್ದೊಂದು ಅದೆ. ಮೇಷ್ಟ್ರು ಹಾಡು ಹಾಕ್ಬುಟ್ಟು ಕಾಫಿಗೆ ಹೋಗ್ತಾರೆ” ಎಂದು ನಕ್ಕರು.

ಸ್ವಾಮಿಗಳೇ ನಕ್ಕ ಮೇಲೆ ನಗದವರು ಯಾರು? ಶಿವಣ್ಣ ನಂಜೇಶನ ಬೆನ್ನಿಗೊಂದು ಗುದ್ದಿದ. “ಲೇ ಕಳ್ಳ! ಗೋಡೆಗೆ ಕಿವಿ ಕೊಟ್ಟೂ ಕೊಟ್ಟೂ ನನ್ನ ಕತ್ತು ಉಳುಕ್ಬುಟ್ಟದೆ ಕಣ್ಲಾ!”

ನಂಜೇಶನಿಗೆ ಎಷ್ಟೋ ದಿನದ ಭಾರ ಇಳಿದಂತಾಯಿತು. ಕೇಳಿ ಕೇಳಿ ಬಡಿಸಿಕೊಂಡು ಉಂಡ. ದಾರಿಯಲ್ಲಿ ಪಲ್ಲವಿಯೂ ಬೈಯಲಿಲ್ಲ. “ಹೋಗ್ಲಿ ಬಿಡಿ” ಎಂದಳಷ್ಟೆ.

ಸಂಜೆ ಮನೆ ಸೇರಿ ಪಿಯಾನೋ ರೂಮಿಗೆ ಹೋದ ಕೂಡಲೇ ಅವಳು ಗುಂಡಿ ಒತ್ತಿ, ಅವನ ದಿಂಬನ್ನೇ ಸರಿಮಾಡಿಕೊಂಡಳು. “ಇವತ್ತಿಂದ ನಾನು ಕಲೀತೀನಿ ಕಣ್ರೀ. ಕಾಳು ಅಡುಗೆಮನೇಲದೆ.” ಒಳಗಿನಿಂದ ಚಿಲಕ ಬಿತ್ತು.

ಮಂಡಿನೋವೆಂದು ಮೂಗೂರಿಗೆ ಬಾರದೆ ಉಳಿದಿದ್ದ ಹಿಂದಿನ ಮನೆಯ ಗುರುಬಸಮ್ಮ ಕಿಟಕಿಯಿಂದ ಕೂಗಿದರು: “ನಂಜೇಶಪ್ಪಾ, ಇವತ್ತಂತೂ ಬಾಳಾ ಚೆನ್ನಾಗಿ ನುಡಿಸ್ತಾ ಇದ್ದೀಯ ಕಣಪ್ಪಾ!”

“ಹೂಂ ಕಣಜ್ಜಿ” ಎಂದ ನಂಜೇಶ. ಹಿಸುಕಿದ ಕಾಳು ಚಿಮ್ಮಿ ಪಾತ್ರೆಗೆ ಬಿತ್ತು.