ಸೊಲ್ಲಾಪುರದ ಅಳಿಯನಿಗೆ ಬಿಸಿನೀರು

ನಳ ಜೋಡಿಸುವವನ ಬಾಳೇ ಹೀಗೆ: ಪೈಪಿನಲ್ಲಿ ನೀರು ಬರುವ ಮೊದಲು ಮನೆಯವರ ಮಾತು ಬರುತ್ತದೆ. ಆದರೆ ಎಪ್ಪತ್ತರ ದಶಕದಲ್ಲಿ ಸಿಂದಗಿಯ ರಾಯರೊಬ್ಬರ ಮನೆಯಲ್ಲಿ ಆದಂಥದ್ದನ್ನು ನಾನು ಇಂಡಿ ಊರಲ್ಲೂ ಕಾಣಲಿಲ್ಲ, ಮುದ್ದೇಬಿಹಾಳದಲ್ಲೂ ಕಾಣಲಿಲ್ಲ.

ಮಗಳ ಮದುವೆಯಾದ ಮೊದಲ ದೀಪಾವಳಿ. ಸೊಲ್ಲಾಪುರದ ಅಳಿಯ ಎಣ್ಣೆಸ್ನಾನಕ್ಕೆ ಬರುವವನಿದ್ದ. "ನಮ್ಮಲ್ಲಿ ನಳ ತಿರುವಿದ್ರ ಬಿಸಿನೀರು" ಎಂದು ಬೀಗರು ಮದುವೆಯಲ್ಲೇ ಒಂದು ಮಾತು ಎಸೆದಿದ್ದರು. ಅದು ರಾಯರಿಗೆ ನಾಟಿತ್ತು. ಇವರಲ್ಲಿ ನೀರು ಕಾಯಿಸುವ ತಾಮ್ರದ ಬಂಬ ಹಿತ್ತಲಲ್ಲಿ, ಅಳಿಯನ ಬಚ್ಚಲು ಮುಂಬಾಗಿಲ ಹತ್ತಿರ, ನಡುವೆ ಉದ್ದನೆಯ ಅಂಗಳ.

"ಮಿಸ್ತ್ರಿ, ನನ್ನ ಮಾನ ನಿನ್ನ ಕೈಯಾಗ ಅದ" ಎಂದರು ರಾಯರು. ನಾನು ಪೈಪು ಎಳೆದೆ.

೧. ಅಜ್ಜಿಯ ಉಳಿತಾಯ

ನಳ ತಿರುವಿದರೆ ತಣ್ಣೀರು. "ಪೈಪಿನಾಗ ನಿಂತ ನೀರು ಮೊದಲ ಹೋಗ್ಬೇಕ್ರಿ, ಆಮ್ಯಾಲೆ ಬಿಸಿದು ಬರ್ತೈತಿ" ಎಂದೆ. ಒಂದು ಕೊಡ ಹೋಯಿತು, ಎರಡು ಹೋಯಿತು, ಬಿಸಿನೀರಿನ ಸುಳಿವಿಲ್ಲ. ತಲೆಕೆಟ್ಟು ಹಿತ್ತಲಿಗೆ ಹೋಗಿ ನೋಡಿದೆ. ರಾಯರ ತಾಯಿ, ಆ ಮನೆಯ ಅಜ್ಜಿ, ಮುಂದೆ ತುಂಬಿದ ತಣ್ಣೀರನ್ನೆಲ್ಲ ಹೊತ್ತು ತಂದು ಬಂಬಕ್ಕೇ ಸುರಿಯುತ್ತಿದ್ದರು.

"ಸೇದಿದ ನೀರು ಮೋರಿಗೆ ಬಿಡಾಕ ನಮ್ಮನ್ಯಾಗ ಹೊಳಿ ಹರದದೇನೋ?" ಎಂದು ನನ್ನನ್ನೇ ಬೈದರು.

೨. ಎಮ್ಮೆಯ ಪಾಲು

ಪೈಪಿಗೆ ಹೊದಿಕೆ ಇದ್ದರೆ ನೀರು ದಾರಿಯಲ್ಲಿ ಆರುವುದಿಲ್ಲವೆಂದು ಜೋಳದ ಒಣದಂಟಿನ ಕಣಕಿ ಸುತ್ತಿ ಹಗ್ಗ ಬಿಗಿದೆ. ಬೆಳಗಾಗುವುದರೊಳಗೆ ನಡು ಅಂಗಳದಲ್ಲಿ ಕಟ್ಟುತ್ತಿದ್ದ ರಾಯರ ಎಮ್ಮೆ ಅರ್ಧ ಹೊದಿಕೆ ಮೇಯ್ದಿತ್ತು. ಮೇವೆಂದರೆ ಮೂಸಿ ನೋಡದ ಸೊಕ್ಕಿನ ಎಮ್ಮೆ ಅದು.

"ಬೆಚ್ಚನ್ನ ಕಣಕಿ ರುಚಿ ಹತ್ತೇದ್ರಿ ಅದಕ್ಕ. ಇನ್ನ ಮ್ಯಾಲೆ ದಿನಾ ಬಿಸಿ ಮಾಡೇ ಹಾಕಬೇಕು!" ಎಂದು ರಾಯರ ಹೆಂಡತಿ ಹಣೆ ಬಡಿದುಕೊಂಡರು.

೩. ಮಣೆ ಹೊತ್ತ ಅಳಿಯ

ಹಬ್ಬದ ನಸುಕಿಗೆ ನನ್ನನ್ನೂ ಕರೆಸಿದ್ದರು. ಅಜ್ಜಿಗೆ ರಾಯರು ಕೈ ಮುಗಿದಿದ್ದರು: "ಅವ್ವಾ, ಇವತ್ತೊಂದಿನ ನೀರು ವಾಪಸ್ ತರಬ್ಯಾಡ."

ಆರತಿ ಆಯಿತು. ಮೈತುಂಬ ಎಣ್ಣೆ ಹಚ್ಚಿಸಿಕೊಂಡ ಅಳಿಯ ಮುಂದಿನ ಬಚ್ಚಲಲ್ಲಿ ಮಣೆಯ ಮೇಲೆ ಕೂತು ನಳ ತಿರುವಿದ. ತಣ್ಣೀರು. "ಈಗ ಬರ್ತದ, ಈಗ ಬರ್ತದ" ಎನ್ನುತ್ತಿದ್ದ ರಾಯರ ಮುಖ ಇಷ್ಟಾಯಿತು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಡಗಡ ನಡುಗುತ್ತಿದ್ದ ಅಳಿಯ ಎದ್ದು ಮಣೆಯನ್ನು ಬಗಲಲ್ಲಿ ಹಿಡಿದ. "ಮಾವಾ, ನೀರು ಬರೂದಿಲ್ಲಂದ್ರ ನಾನೇ ಹೋಗ್ತೀನಿ" ಎಂದು ಹಿತ್ತಲಿಗೆ ನಡೆದ.

ನಳ ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ. ಅವನು ಹಿತ್ತಲಲ್ಲಿ ಕೂತು ನೋಡಿದರೆ ಬಂಬ ಖಾಲಿ! ಬಿಸಿನೀರೆಲ್ಲ ಆಗಲೇ ಮುಂದಕ್ಕೆ ಹೊರಟುಬಿಟ್ಟಿತ್ತು. ಅವನು ಮತ್ತೆ ಮಣೆ ಎತ್ತಿಕೊಂಡು ಮುಂದಕ್ಕೆ ಬಂದ. ಅತ್ತ ಮುಂದಿನ ನಳದಲ್ಲಿ ಹೊಗೆಯಾಡುವ ನೀರು ಬಂದದ್ದು ಕಂಡ ಅಜ್ಜಿ, "ಅಳಿಯಂದ್ರು ಹಿಂದ ಕುಂತಾರ" ಎಂದು ಕೊಡ ತುಂಬಿಕೊಂಡು ಹಿತ್ತಲಿಗೆ ಹೊರಟಿದ್ದರು.

ಇಬ್ಬರೂ ನಡು ಅಂಗಳದಲ್ಲಿ, ಎಮ್ಮೆಯ ಮುಂದೆ ಎದುರಾದರು. ಅಳಿಯ ಅಜ್ಜಿಯನ್ನು ನೋಡಿದ, ಕೊಡ ನೋಡಿದ, ಮಣೆಯನ್ನು ಅಲ್ಲೇ ಹಾಕಿ ಕೂತುಬಿಟ್ಟ. "ಹಾಕ್ರಿ ಅಜ್ಜಿ, ಇನ್ನ ಎಲ್ಲಿಗೂ ಏಳಂಗಿಲ್ಲ."

ಅಜ್ಜಿ ಸುರಿದರು. ಹದವಾದ ಬಿಸಿ. ಅಳಿಯ ಕಣ್ಣು ಮುಚ್ಚಿ "ಆಹಾ" ಎಂದ. ರಾಯರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಳಿಯ ಒಂದು ಕಣ್ಣು ತೆರೆದು ನನ್ನ ಕಡೆ ತಿರುಗಿದ:

"ಮಿಸ್ತ್ರಿ, ಮುಂದಿನ ವರ್ಷ ನಳಾ ಇಲ್ಲೇ ಕೂಡಸ್ರಿ. ಎಮ್ಮಿನ್ನ ಆ ಮುಂದಿನ ಬಚ್ಚಲದಾಗ ಕಟ್ರಿ."