ಲವಂಗದೆಣ್ಣೆ ಮತ್ತು ಗಿರಿಜೆಯ ಕಾಲು

ಅಷ್ಟಿಷ್ಟು ವಿಜ್ಞಾನ ಓದಿದವನ ಹತ್ತಿರ ಯಾರೂ ತಮ್ಮ ನೋವು ಹೇಳಿಕೊಳ್ಳಬಾರದು. ಡಾಕ್ಟರಾದರೆ ಒಮ್ಮೊಮ್ಮೆ ‘ಗೊತ್ತಾಗುತ್ತಿಲ್ಲ’ ಎಂದಾನು. ಸೂಕ್ಷ್ಮಾಣುಗಳ ಬಗ್ಗೆ ಎಂ.ಎಸ್ಸಿ. ಮಾಡಿದವನು ಹಾಗೆಂದದ್ದನ್ನು ನಾನು ಕೇಳಿಲ್ಲ. ನಾನೇ ಅಂಥವನಾದ್ದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ವಿಶಾಖಪಟ್ಟಣದ ದುವ್ವಾಡದಲ್ಲಿ, ಗಿಡಮೂಲಿಕೆಗಳಿಂದ ಎಣ್ಣೆ ತೆಗೆಯುವ ಕಂಪನಿಯೊಂದರ ಲ್ಯಾಬಿನಲ್ಲಿ ಆಗ ನನ್ನ ಕೆಲಸ. ಲವಂಗ, ತುಳಸಿ, ಓಮ, ಹೀಗೆ ಒಂದೊಂದರ ಎಣ್ಣೆಯನ್ನೂ ರೋಗಾಣುಗಳ ಮೇಲೆ ಬಿಟ್ಟು ನೋಡುವುದು. ಗಾಜಿನ ತಟ್ಟೆಯಲ್ಲಿ ಜೆಲ್ಲಿ ಹರಡಿ, ಅದರ ಮೇಲೆ ಕೀವು ಹುಟ್ಟಿಸುವ ಬ್ಯಾಕ್ಟೀರಿಯಾ ಬಳಿದು, ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಯೊಂದನ್ನು ನಡುವೆ ಇಟ್ಟರೆ, ಮರುದಿನ ತಟ್ಟೆಯೆಲ್ಲ ಮಬ್ಬು. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಒಂದು ವೃತ್ತ. ಎಣ್ಣೆ ಅಲ್ಲಿನ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಹೊಕ್ಕು, ಸಡಿಲಿಸಿ, ಒಳಗಿನದೆಲ್ಲ ಸೋರಿಹೋಗುವಂತೆ ಮಾಡಿರುತ್ತದೆ. ಲವಂಗದ ವೃತ್ತಕ್ಕೆ ಸ್ಕೇಲು ಹಿಡಿಯುವಾಗ ನನಗೆ ಮಗುವಿನ ಎತ್ತರ ಅಳೆಯುವ ತಂದೆಯ ಹೆಮ್ಮೆ.

ಮಗು ಇರಲಿಲ್ಲ. ಅದಕ್ಕೆ ಗಂಡ ಹೆಂಡತಿ ಒಂದೂರಿನಲ್ಲಿರಬೇಕು. ನನ್ನ ಹೆಂಡತಿ ಗಿರಿಜಾ ಹುಬ್ಬಳ್ಳಿಯವಳು, ವಿಜಯವಾಡದ ಪಟಮಟದಲ್ಲಿ ಶಾಲಾ ಶಿಕ್ಷಕಿ. ನಮ್ಮ ಸಂಸಾರವೆಲ್ಲ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ. ರೈಲಿನಲ್ಲಿ ಪಕ್ಕ ಕೂತವರು ನನ್ನ ಅಂಗಿಯ ಲವಂಗದ ವಾಸನೆ ಹಿಡಿದು, ಹಲ್ಲಿನ ಡಾಕ್ಟರೆಂದು ತಿಳಿದು, ದವಡೆ ತೆರೆದು ತೋರಿಸಿದ್ದೂ ಉಂಟು. ಹೋಗುವಾಗಲೆಲ್ಲ ಒಂದು ಸೀಸೆ ಎಣ್ಣೆ ಒಯ್ಯುತ್ತಿದ್ದೆ. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ನನ್ನ ವಾಸನೆಯಾದರೂ ಇರಲಿ ಎಂಬುದು ಒಳಗಿನ ಆಸೆ.

ಒಂದು ಬುಧವಾರ ಸಿಟಿ ಬಸ್ಸಿನ ಮೆಟ್ಟಿಲ ತಗಡು ತಾಗಿ ಅವಳ ಕಾಲು ಗೀರಿತು. ಸಂಜೆ ಫೋನ್ ಮಾಡಿದಳು.

“ಡಾಕ್ಟರ್ ಕಡೆ ಹೋಗ್ಲೇನ್ರೀ?”

“ಯಾಕೆ? ಲವಂಗದೆಣ್ಣೆ ಇದೆಯಲ್ಲ. ದಿನಕ್ಕೆ ಎರಡು ಸಲ ಹಚ್ಚು. ನಿನ್ನೆ ತಾನೆ ನೋಡಿದ್ದೇನೆ, ಒಂದು ಬ್ಯಾಕ್ಟೀರಿಯಾನೂ ಉಳಿಯಲ್ಲ.”

“ನಿನ್ನೆ ಯಾರ ಕಾಲಿಗೆ ಹಚ್ಚಿದ್ರಿ?”

“ತಟ್ಟೆಗೆ.”

“ಆತು, ಹಚ್ಚತೀನಿ” ಎಂದಳು.

ಗುರುವಾರ “ಭಾಳ ಉರೀತದ್ರೀ” ಎಂದಳು. ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ ಎಂದೆ. ಕಾಲಿನ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸುವ ಕಾಲ ಅದಲ್ಲ. ನನ್ನ ಕಣ್ಣ ಮುಂದಿದ್ದದ್ದು ನನ್ನ ತಟ್ಟೆಯೊಂದೇ. ಶುಕ್ರವಾರ “ನೀವು ಬಂದು ಒಮ್ಮೆ ನೋಡಿದ್ರ ಚಲೋ ಇತ್ತು” ಎಂದಳು. “ನಾಳೆ ಶನಿವಾರ ಅಲ್ಲವೇ? ಇವತ್ತು ಸ್ವಲ್ಪ ಜಾಸ್ತಿ ಹಚ್ಚು” ಎಂದೆ. ಆ ಮಾತು ನನಗೆ ಇವತ್ತಿಗೂ ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ ಇದ್ದಕ್ಕಿದ್ದಂತೆ ಕೇಳಿಸುತ್ತದೆ.

ಶನಿವಾರ ಬಾಗಿಲು ತೆರೆದದ್ದು ಪಕ್ಕದ ಮನೆಯಾಕೆ. ಗಿರಿಜೆಗೆ ಏಳಲಾಗುತ್ತಿರಲಿಲ್ಲ. ಕಾಲು ಮೊಣಕಾಲಿನವರೆಗೆ ಕೆಂಪಾಗಿ ಬಾತಿತ್ತು, ಮೈ ಕೆಂಡ. ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆ. ವಯಸ್ಸಾದ ಡಾಕ್ಟರು ಗಾಯ ನೋಡಿ, ಮೂಸಿ, “ಏಮಿ ರಾಶಾರಂಡಿ?” ಎಂದರು. ಏನು ಹಚ್ಚಿದ್ದೆಂದು ಹೇಳಿದೆ. ವೃತ್ತದ ಅಳತೆಯನ್ನೂ ಹೇಳಿದೆ. ಅವರು ಶಾಂತವಾಗಿ ವಿವರಿಸಿದರು: ಬೆರಕೆಯಿಲ್ಲದ ಎಣ್ಣೆಗೆ ಬ್ಯಾಕ್ಟೀರಿಯಾದ ಪೊರೆ ಯಾವುದು, ಹೆಂಡತಿಯ ಚರ್ಮ ಯಾವುದು ಎಂಬ ಭೇದವಿಲ್ಲ. ಮೇಲಿನ ಚರ್ಮವನ್ನು ಅದು ಸುಟ್ಟಿತ್ತು. ಆಳಕ್ಕಿಳಿದಿದ್ದ ರೋಗಾಣುಗಳನ್ನು ತಲುಪಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ರಕ್ತಕ್ಕೆ ಸೇರುತ್ತಿತ್ತು, ಆಮೇಲೆ ಕಾಲಿನ ಮಾತಿರಲಿ, ಜೀವಕ್ಕೂ ಭರವಸೆ ಕೊಡುವಂತಿರಲಿಲ್ಲ ಎಂದರು. ನಾನು ಗೋಡೆಗೆ ಒರಗಿದೆ. ನರ್ಸಮ್ಮ ಕುರ್ಚಿ ಎಳೆದು, “ಕೂರ್ಚೋಂಡಿ ಸಾರ್, ಪೇಷಂಟ್ ಆಮೆ” ಎಂದು, ಪೇಷಂಟ್ ನಾನಲ್ಲ, ಗಿರಿಜೆ ಎಂಬುದನ್ನು ನೆನಪಿಸಿದಳು.

ಸಲೈನಿನ ಜೊತೆ ಆಂಟಿಬಯಾಟಿಕ್ ಇಳಿಯಿತು. ಮೂರನೆಯ ದಿನ ಜ್ವರ ಬಿಟ್ಟಿತು. ರಜೆ ಹಾಕಿ ಅಲ್ಲೇ ಉಳಿದ ನಾನು ಅವಳ ತಲೆ ಬಾಚಿದೆ, ಇಡ್ಲಿ ಮುರಿದು ಕೊಟ್ಟೆ, ಅವಳ ವಿದ್ಯಾರ್ಥಿಗಳ ಪರೀಕ್ಷೆಯ ಹಾಳೆಗಳನ್ನು ಓದಿ ಹೇಳಿದೆ. ಒಂದು ಮಂಗಳವಾರ ಅವಳು ಹೇಗಿರುತ್ತಾಳೆಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬುಧವಾರವನ್ನೂ ನೋಡಿದೆ. ಗುರುವಾರ ಡಾಕ್ಟರು ಬಂದು, ಊತ ಪೂರ್ತಿ ಇಳಿದಿದೆ, ನಾಳೆ ಮನೆಗೆ ಹೋಗಬಹುದು ಎಂದರು.

“ಇನ್ನೊಂದೆರಡು ದಿನ ಇಟ್ಟುಕೊಂಡು ನೋಡಿದರೆ ಒಳ್ಳೆಯದಲ್ಲವೇ ಸಾರ್?” ಎಂದೆ.

ಡಾಕ್ಟರು ನನ್ನ ಕಾಳಜಿ ಮೆಚ್ಚಿ ಭುಜ ತಟ್ಟಿ ಹೋದರು. ಗಿರಿಜೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ನನ್ನ ಕಾಲು ಆರಾಮ ಆತ್ರೀ,” ಎಂದಳು. “ಇನ್ನೂ ರಜಾ ಬೇಕಿದ್ರ ನಿಮ್ಮ ಕಾಲು ತೋರಸ್ರಿ.”

ನಾನು ನಿಜಕ್ಕೂ ಬಗ್ಗಿ ನೋಡಿಕೊಂಡೆ. ಒಂದು ಗೀರೂ ಇರಲಿಲ್ಲ.