ಡಂಗುರವಿಲ್ಲದೆ ಬಂದ ಸಮುದ್ರ

ಇಂದ,
ಲಾಡ್ಲೆಸಾಬ, ಪಂಚಾಯಿತಿ ಡಂಗುರದವರು,
ಭೀಮಾ ದಂಡೆ, ಅಫಜಲಪುರ ತಾಲ್ಲೂಕು.

ಗೆ,
ಮೇಲ್ವಿಚಾರಕರು,
ಕಡಲತೀರದ ಉದ್ಯಾನ, ಅಳಿವೆ ಬದಿ.

ವಿಷಯ: ಮುನ್ಸೂಚನೆ ಇಲ್ಲದೆ ಸಮುದ್ರದ ನೀರು ಬಿಟ್ಟ ಬಗ್ಗೆ.

ಉಲ್ಲೇಖ: 1) ತಮ್ಮ ಕಾವಲುಗಾರರ ಸೀಟಿ. 2) ನನ್ನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

1. ಬ್ಯಾರೇಜಿನ ಗೇಟು ತೆಗೆಯುವ ಮೊದಲು ಮೈಕಿನಲ್ಲಿ ಸಾರಿ ಜನರನ್ನು ಹೊಳೆಯಿಂದ ಎಬ್ಬಿಸುವುದು ನನ್ನ ಕೆಲಸ. ಹೀಗಾಗಿ ನೀರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನದೇ ಕೊನೆಯ ಮಾತಾಗಿತ್ತು.

2. ಕಳೆದ ತಿಂಗಳು ಹೆಂಡತಿ ಮೆಹರಾಜಬೇಗಂ ಜೊತೆ ತಮ್ಮ ಉದ್ಯಾನಕ್ಕೆ ಬಂದಿದ್ದೆ. ಹೊಳೆ ಕಡಲಿಗೆ ಸೇರುವಲ್ಲಿ ಒಳ್ಳೆಯ ಉಸುಕಿನ ದಿಬ್ಬ ಕಂಡಿತು. ನಮ್ಮ ಭೀಮೆಯಲ್ಲಿ ಕೂತಂತೆಯೇ ಕೂತು ರೊಟ್ಟಿ ಬುತ್ತಿ ಬಿಚ್ಚಿದೆವು. ದೂರದಲ್ಲಿ ಕಾವಲುಗಾರರು ಸೀಟಿ ಊದಿದರು. ಬಸ್ಸು ಬಿಡುತ್ತಿದ್ದಾರೆಂದು ತಿಳಿದೆ.

3. "ಏಳ್ರಿ, ನೀರು ಬರಾಕತ್ತಾವ" ಎಂದಳು ಹೆಂಡತಿ.
"ಮೋಡಿಲ್ಲ, ಡಂಗುರಿಲ್ಲ, ನೀರು ಹ್ಯಾಂಗ ಬರ್ತಾವ? ಸುಮ್ನ ಕೂಡು ಬೇ" ಎಂದೆ.
ಬುತ್ತಿ ತೇಲಿ ಹೋಯಿತು. ಅವಳ ಹೊಸ ಚಪ್ಪಲಿಯಲ್ಲಿ ಒಂದು ಹೋಯಿತು. ಸೊಂಟದವರೆಗೆ ತೊಯ್ದು ದಡ ಸೇರಿ, ಯಾವ ಬ್ಯಾರೇಜಿನಿಂದ ಬಿಟ್ಟಿರೆಂದು ಕಾವಲುಗಾರರನ್ನು ಕೇಳಿದೆ.
"ಯಾರೂ ಬಿಡುವುದಲ್ಲ ಮಾರಾಯ್ರೆ, ಅದೇ ಬರುವುದು" ಎಂದರು. ಇಂಥ ಬೇಜವಾಬ್ದಾರಿ ಉತ್ತರವನ್ನು ನಾನು ಯಾವ ಇಲಾಖೆಯಲ್ಲೂ ಕೇಳಿಲ್ಲ.

4. ಈ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿ ನನ್ನ ಮರ್ಯಾದೆ ಹೋಯಿತು. ಮೊನ್ನೆ ಗೇಟು ತೆಗೆಯುವ ಮುನ್ನ ಸಾರಿದರೆ ಬಟ್ಟೆ ಒಗೆಯುತ್ತಿದ್ದ ಮಾಳಮ್ಮ, "ಸಮುದ್ರದಾಗ ಬುತ್ತಿ ಬಿಚ್ಚಿದಾವ ಒದರಾಕತ್ತಾನ, ಒಗೀರಿ ಒಗೀರಿ" ಎಂದಳು. ಒಬ್ಬರೂ ಏಳಲಿಲ್ಲ. ಮಾನ್ಯರೇ, ನನಗೆ ನಿಜವಾಗಿ ಹೆದರಿಕೆಯಾಯಿತು.

5. ಆಗ ಮೆಹರಾಜಬೇಗಂ ನನ್ನ ಕೈಯಿಂದ ಮೈಕು ಕಸಿದುಕೊಂಡಳು. "ಈ ಮನಷ್ಯಾನ ಮಾತು ಬಿಡ್ರಿ. ನಾ ಖುದ್ದ ತೊಯ್ದು ಬಂದಾಕಿ ಹೇಳಾಕತ್ತೇನಿ, ಮ್ಯಾಲ ಬರ್ರಿ."
ಎಲ್ಲರೂ ಬಟ್ಟೆ ಬಿಟ್ಟು ಓಡಿ ಬಂದರು. ಮಾಳಮ್ಮ ಮೊದಲು ಬಂದಳು. ಹಿಂದೆಯೇ ನೀರು ಬಂತು. ಪಂಚಾಯಿತಿಯವರು ಮೈಕನ್ನು ನನಗೆ ಮರಳಿಸಲಿಲ್ಲ, ಅವಳ ಬಳಿಯೇ ಇರಲಿ ಎಂದರು.

ಕಾರಣ, ತಮ್ಮ ಸಮುದ್ರಕ್ಕೆ ಇದುವರೆಗೂ ಡಂಗುರದವರಿಲ್ಲದಿರುವುದರಿಂದ, ಸದರಿ ಹುದ್ದೆಗೆ ಅನುಭವಸ್ಥನಾದ ನನ್ನನ್ನು ನೇಮಿಸಬೇಕಾಗಿ ಕೋರುತ್ತೇನೆ. ನೀರು ಯಾವಾಗ ಬರುತ್ತದೆಂದು ಒಬ್ಬರು ನನಗೆ ಮೊದಲೇ ತಿಳಿಸಿದರೆ ಸಾಕು.

ನೀರನ್ನು ನಂಬಿ ತೊಯ್ದ ತಮ್ಮ ವಿಶ್ವಾಸಿ,
ಲಾಡ್ಲೆಸಾಬ

ಅಡಕ: 1) ಎಡಗಾಲಿನ ಚಪ್ಪಲಿ. ಬಲಗಾಲಿನದು ತಮ್ಮ ಸಮುದ್ರದ ವಶದಲ್ಲಿದೆ. ಜೋಡಿ ಮಾಡಿ ಕಳಿಸುವುದು.
2) ಶಿಫಾರಸು: "ಬೇಗ ಕರಕೊಳ್ರಿ. — ಮೆಹರಾಜಬೇಗಂ, ಡಂಗುರದವರು."